ಕುತರ್ಕ ಯಾವುದು, ಯಾವುದಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನನಗೆ ಕೊಟ್ಟ ವಿಷಯ ‘ವರದಕ್ಷಿಣೆ ಮತ್ತು ಕಾನೂನು’. ಕರೆಯೋಲೆಯಲ್ಲಿ ಹಾಗೇ ಅಚ್ಚಾಗಿದೆ. ಆದರೆ ನಾನು ಒಂದೇ ಒಂದು ಪದವನ್ನು ಹಿಡಿದುಕೊಂಡು ಬಂದಿದ್ದೇನೆ. ಆ ಪದ ‘ಕುತರ್ಕ’. ಅದರ ಹಿಂದೆ ಹೋದರೆ ಕಾನೂನು ತಾನಾಗಿಯೇ ಬರುತ್ತದೆ, ನೋಡುತ್ತಿರಿ.

ಈ ಪದವೇ ಯಾಕೆ ಅಂದರೆ, ಸ್ವಲ್ಪ ದಿನದ ಹಿಂದೆ ಒಂದು ಸಂಘದ ನಡಾವಳಿ ಪುಸ್ತಕ ನೋಡುತ್ತಿದ್ದೆ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ನಮ್ಮ ಸದಸ್ಯೆಗೆ ಗಂಡನ ಮನೆಯವರು ಕುತರ್ಕ ಮಾಡಿ ಹೊಡೆದಿರುತ್ತಾರೆ.’ ಬರೆದವಳು ಪಿಯುಸಿ ಓದಿದ ಹುಡುಗಿ, ಸಂಘದ ಎರಡನೇ ಪ್ರತಿನಿಧಿ. ಪಾಪ, ಒಳ್ಳೆಯ ಪದ ಹಾಕಬೇಕು ಅಂತ ಹಾಕಿದ್ದಾಳೆ. ಅದೇ ವಾಕ್ಯವನ್ನು ದೂರಿನಲ್ಲೂ ಇಳಿಸಿ ಠಾಣೆಗೆ ಕೊಟ್ಟಿದ್ದರು. ಅಲ್ಲಿ ಕೂತಿದ್ದವರು ಓದಿ, ‘ಕುತರ್ಕ ಅಂದರೆ ವಾದ ಮಾಡಿದರು ಅಂತ ತಾನೇ? ಮನೆ ಅಂದಮೇಲೆ ಮಾತಿಗೆ ಮಾತು ಬರುತ್ತೆ, ಹೋಗಿ ಸರಿಮಾಡಿಕೊಳ್ಳಿ’ ಅಂದು ವಾಪಸು ಕಳಿಸಿದರಂತೆ.

ಆ ಹೆಣ್ಣುಮಗಳನ್ನು ಕೂರಿಸಿಕೊಂಡು ಕೇಳಿದೆ. ಅವರು ಆಡಿದ ಮಾತು ಏನಮ್ಮಾ, ಅವರ ಬಾಯಲ್ಲಿ ಬಂದ ಹಾಗೇ ಹೇಳು ಅಂದೆ. ಅವಳು ಹೇಳಿದಳು: ‘ಮನೆ ಏಳಿಸ್ತಾ ಇದೀವಿ, ನಿನ್ನ ಗಂಡನೂ ನೀನೂ ಇರೋ ಮನೇನೇ ಅಲ್ವಾ, ನಿಮ್ಮಪ್ಪ ಎರಡು ಲಕ್ಷ ಕೊಡಬಾರದಾ? ದುಡ್ಡಿಲ್ಲದೆ ಈ ಹೊಸಿಲು ದಾಟಬೇಡ.’ ಹಾಗೆ ಅಂದವರು ಅತ್ತೆ. ದೀಪಾವಳಿಯ ಮಾರನೇ ದಿನ. ಮೈದುನನೂ ಇದ್ದ. ಗಂಡ ಸೌದೆಯಲ್ಲಿ ಹೊಡೆದ.

ನೋಡಿ, ಇಷ್ಟೂ ಆ ಒಂದು ಪದದ ಹೊಟ್ಟೆಯೊಳಗೆ ಹೋಗಿಬಿಟ್ಟಿತ್ತು. ಕೇಳಿದ ಮೊತ್ತ, ಕೇಳಿದವರು ಯಾರು, ಯಾವ ದಿನ, ಎದುರಿಗೆ ಯಾರಿದ್ದರು, ಏತರಲ್ಲಿ ಹೊಡೆದರು, ಎಲ್ಲವನ್ನೂ ‘ಕುತರ್ಕ’ ನುಂಗಿತು. ಆದ್ದರಿಂದ ಮೊದಲ ಮಾತನ್ನೇ ಹೇಳಿಬಿಡುತ್ತೇನೆ. ದೂರಿನಲ್ಲಿ ಈ ಪದವನ್ನು ಬರೆಯಬೇಡಿ. ದೂರಿನಲ್ಲಿ ಅವರಾಡಿದ ಮಾತನ್ನೇ ಬರೆಯಿರಿ. ಕುತರ್ಕ ಎಂಬುದು ನಾವು ತೂಗಿ ನೋಡಿ ಕೊಡುವ ಹೆಸರು. ದೂರಿಗೆ ಬೇಕಾಗಿರುವುದು ತೂಗುವುದಕ್ಕೆ ಮುಂಚಿನ ಸಾಮಾನು.

ಹಾಗಾದರೆ ಈ ಪದ ನಮಗೆ ಬೇಡವೇ? ಬೇಕು, ಬಹಳ ಬೇಕು. ಯಾಕೆಂದರೆ ನಮ್ಮನ್ನು ಹೊಡೆಯುವ ಕೈಯನ್ನು ಗುರುತಿಸುವುದು ಸುಲಭ. ‘ಅವರು ಹೇಳೋದೂ ಸರಿ ಅಲ್ವಾ’ ಅಂತ ನಮ್ಮ ಬಾಯಲ್ಲೇ ಅನ್ನಿಸಿಬಿಡುವ ಮಾತನ್ನು ಗುರುತಿಸುವುದು ಕಷ್ಟ.

ತರ್ಕ ಎಂದರೆ ಕಾರಣ ಕೊಟ್ಟು ಒಂದು ತೀರ್ಮಾನಕ್ಕೆ ಬರುವುದು. ಮೋಡ ಕವಿದಿದೆ, ಮಳೆ ಬರಬಹುದು, ಒಣಗಲು ಹಾಕಿದ ಮೆಣಸಿನಕಾಯಿ ಎತ್ತಿಡು. ಇದು ತರ್ಕ. ನಾವು ದಿನಾ ಮಾಡುವುದೇ. ಅದಕ್ಕೆ ‘ಕು’ ಸೇರಿದರೆ ಕೆಟ್ಟದ್ದು ಎಂದಾಯಿತು, ಕುರೂಪ, ಕುಖ್ಯಾತಿ, ಕುತಂತ್ರ ಇದ್ದ ಹಾಗೆ. ಆದರೆ ಕುತಂತ್ರಕ್ಕೂ ಕುತರ್ಕಕ್ಕೂ ವ್ಯತ್ಯಾಸ ಇದೆ. ಕುತಂತ್ರ ಕದ್ದುಮುಚ್ಚಿ ಆಗುತ್ತದೆ. ಕುತರ್ಕ ನಾಲ್ಕು ಜನರ ಎದುರಿಗೆ, ಜಗಲಿಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು ಆಗುತ್ತದೆ. ಕೇಳುವವರು ತಲೆದೂಗಬೇಕು. ತಲೆದೂಗದಿದ್ದರೆ ಅದು ಸೋತ ಹಾಗೆ.

ಬಹಳ ಜನ ಈ ಪದವನ್ನು ಬೈಗುಳದ ಹಾಗೆ ಬಳಸುತ್ತಾರೆ. ‘ಅವನು ಕುಡಿದು ಬಂದು ಕುತರ್ಕ ಮಾಡಿದ’ ಅಂತಾರೆ. ಅಲ್ಲ, ಅವನು ಮಾಡಿದ್ದು ರಂಪ. ಕುಡಿದವನು ಕಾರಣ ಕೊಡುವ ಕಷ್ಟಕ್ಕೆ ಹೋಗುವುದಿಲ್ಲ. ‘ಸುಟ್ಟುಹಾಕುತ್ತೇನೆ ಎಂದು ಕುತರ್ಕ ಮಾಡಿದ’ ಎಂದು ಯಾರಾದರೂ ಬರೆದರೆ ದಯವಿಟ್ಟು ಹೊಡೆದುಹಾಕಿ. ಅದು ಬೆದರಿಕೆ. ಬೆದರಿಕೆಯನ್ನು ಕುತರ್ಕ ಎಂದು ಕರೆದರೆ ಅದರ ತೂಕ ಇಳಿದುಹೋಗುತ್ತದೆ. ‘ನಾವು ಒಂದು ಪೈಸೆ ಕೇಳಿಲ್ಲ’ ಅಂತ ಕೇಳಿದವರೇ ಹೇಳಿದರೆ ಅದು ಸುಳ್ಳು. ‘ನಾನು ಹೇಳಿದ್ದು ಹೇಳಿದ್ದೇ’ ಅಂದರೆ ಅದು ಮೊಂಡುವಾದ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ‘ಅಡುಗೆ ಸರಿಯಿರಲಿಲ್ಲ, ಅದಕ್ಕೇ ಕೈ ಎತ್ತಿದೆ’ ಅಂದರೆ ಅದು ನೆಪ. ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ. ಸುಳ್ಳಿಗೆ ನಾವು ಸಾಕ್ಷಿ ಹುಡುಕಬೇಕು. ಬೆದರಿಕೆಗೆ ರಕ್ಷಣೆ ಹುಡುಕಬೇಕು. ಮೊಂಡನ ಹತ್ತಿರ ಮಾತಾಡಿ ಬಾಯಿ ನೋಯಿಸಿಕೊಳ್ಳಬಾರದು. ಕುತರ್ಕಕ್ಕೆ ಮಾತ್ರ ಎದುರು ಮಾತು ಬೇಕು, ಅದೂ ಆ ನಾಲ್ಕು ಜನರ ಮುಂದೆಯೇ.

ಹಾಗಾದರೆ ಸರಿಯಾದ ಬಳಕೆ ಹೇಗೆ? ‘ನಿಮ್ಮ ಮಗಳಿಗೇ ಕೊಡುವುದು ತಾನೇ ಎಂಬ ಕುತರ್ಕ ಹೂಡಿ ಗಂಡಿನ ಕಡೆಯವರು ಹತ್ತು ತೊಲ ಚಿನ್ನ ಕೇಳಿದರು.’ ಈ ವಾಕ್ಯ ಸರಿ. ಕುತರ್ಕ ಹೂಡುವುದು, ಕುತರ್ಕ ಮಾಡುವುದು, ಕುತರ್ಕಕ್ಕೆ ಇಳಿಯುವುದು, ಎಲ್ಲ ಸರಿ. ಆದರೆ ಪದವನ್ನು ಹಾಕಿದ ಮೇಲೆ ಆ ಕಾರಣ ಏನು, ಆ ತೀರ್ಮಾನ ಏನು ಎಂದು ಅದೇ ವಾಕ್ಯದಲ್ಲೋ ಪಕ್ಕದ ವಾಕ್ಯದಲ್ಲೋ ತೋರಿಸಲು ಆಗಬೇಕು. ತೋರಿಸಲು ಆಗದಿದ್ದರೆ ಬೇರೆ ಪದ ಹುಡುಕಿ.

ಕುತರ್ಕದ ಒಂದು ಗುಣ ಇದೆ. ಅದರಲ್ಲಿ ಕೊಡುವ ಕಾರಣ ಅನೇಕ ಸಲ ನಿಜವೇ ಆಗಿರುತ್ತದೆ. ಮೋಸ ಇರುವುದು ಕಾರಣದಿಂದ ತೀರ್ಮಾನಕ್ಕೆ ಹಾರುವ ಜಾಗದಲ್ಲಿ. ದ್ರೌಪದಿಯ ಕಥೆ ನಿಮಗೆಲ್ಲ ಗೊತ್ತು. ಬಯಲಾಟದಲ್ಲಿ ನೋಡಿದ್ದೀರಿ. ಅವಳು ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಎಂಥ ಚೊಕ್ಕ ತರ್ಕ! ಭೀಷ್ಮರಂಥವರೂ ಧರ್ಮ ಸೂಕ್ಷ್ಮ ಎಂದು ಜಾರಿಕೊಂಡರು. ದುರ್ಯೋಧನನ ತಮ್ಮ ವಿಕರ್ಣ ಒಬ್ಬ ಅವಳ ಪರ ಎದ್ದು ನಿಂತ. ಆಗ ಕರ್ಣ ಏನಂದ? ಇವಳಿಗೆ ಐವರು ಗಂಡಂದಿರು, ಇಂಥವಳನ್ನು ಸಭೆಗೆ ಎಳೆದು ತಂದರೆ ತಪ್ಪೇನು ಅಂದ. ಐವರು ಗಂಡಂದಿರು ಎಂಬುದು ನಿಜ. ಆ ನಿಜದಿಂದ ಎಳೆದು ತರಬಹುದು ಎಂಬುದು ಹೇಗೆ ಹುಟ್ಟಿತು? ಹುಟ್ಟಲಿಲ್ಲ, ಹಾರಿ ಬಂತು. ಅದು ಕುತರ್ಕ. ಆದರೆ ನಮ್ಮ ಊರುಗಳಲ್ಲಿ ಇವತ್ತಿಗೂ ಪ್ರಶ್ನೆ ಕೇಳಿದ ಸೊಸೆಗೆ ಕುತರ್ಕದವಳು ಅಂತಾರೆ, ಹಾರಿಸಿ ಮಾತಾಡಿದವನಿಗೆ ಬುದ್ಧಿವಂತ ಅಂತಾರೆ. ಪದ ಉಲ್ಟಾ ಹೊಡೆದಿದೆ.

ನಮ್ಮ ಹಳೆಯ ನ್ಯಾಯಶಾಸ್ತ್ರದವರು ಈ ಮಾತಿನ ಮೋಸಗಳನ್ನು ಬಿಡಿಸಿಬಿಡಿಸಿ ಇಟ್ಟಿದ್ದಾರೆ. ಗೌತಮನ ನ್ಯಾಯಸೂತ್ರದಲ್ಲಿ ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯ ಚರ್ಚೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದು ಅಂತ ಏನೂ ಹೇಳದೆ ಎದುರಿನವರದ್ದನ್ನು ಕೆಡವುತ್ತಾ ಹೋಗುವುದು ವಿತಂಡ. ಕಾರಣದ ಹಾಗೆ ಕಂಡೂ ಕಾರಣವಲ್ಲದ್ದಕ್ಕೆ ಹೇತ್ವಾಭಾಸ ಎಂದು ಹೆಸರಿಟ್ಟು ಐದು ಬಗೆ ಹೇಳಿದ್ದಾರೆ. ಅದರಲ್ಲಿ ಒಂದಕ್ಕೆ ‘ಸವ್ಯಭಿಚಾರ’ ಎಂದು ಹೆಸರು. ಕಾರಣ ಒಂದೇ ತೀರ್ಮಾನಕ್ಕೆ ನಿಷ್ಠೆಯಿಂದ ನಿಲ್ಲದೆ ಎದುರು ಪಕ್ಷದ ಮನೆಗೂ ಹೋಗಿ ಬರುತ್ತದಂತೆ, ಅದಕ್ಕೆ ಆ ಹೆಸರು. ನನಗೆ ಇದನ್ನು ಓದಿದಾಗ ನಗು ಬಂತು. ಹೆಣ್ಣಿನ ಮೇಲೆ ಎಸೆಯುವ ಈ ಮಾತನ್ನು ಶಾಸ್ತ್ರದವರು ಗಂಡಸರು ಕೊಡುವ ಕಾರಣದ ಮೇಲೆ ಎಸೆದಿದ್ದಾರಲ್ಲ!

ಈ ಸವ್ಯಭಿಚಾರವನ್ನು ಹಿಡಿಯುವ ಉಪಾಯ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅದೇ ಕಾರಣವನ್ನು ಎತ್ತಿ ಇನ್ನೊಂದು ಕಡೆ ಇಟ್ಟು ನೋಡುವುದು. ‘ಮಗನನ್ನು ಇಂಜಿನಿಯರ್ ಓದಿಸಲು ಲಕ್ಷಗಟ್ಟಲೆ ಸುರಿದಿದ್ದೇವೆ, ಅದಕ್ಕೇ ಕೇಳುತ್ತಿದ್ದೇವೆ.’ ಸರಿ. ಹುಡುಗಿಯ ಅಪ್ಪನೂ ಅವಳನ್ನು ನರ್ಸಿಂಗ್ ಓದಿಸಲು ಸುರಿದಿದ್ದಾನೆ. ಅವಳ ಸಂಬಳವೂ ನಿಮ್ಮ ಮನೆಗೇ ಬರುತ್ತದೆ. ಹಾಗಾದರೆ ನೀವೆಷ್ಟು ಕೊಡುತ್ತೀರಿ? ಕಾರಣ ಅದೇ, ಮನೆ ಬದಲಾಯಿತು, ಬಾಯಿ ಕಟ್ಟಿತು.

ಇನ್ನೊಂದು ಇದೆ, ಅದಕ್ಕೆ ಶಾಸ್ತ್ರದಲ್ಲಿ ‘ಛಲ’ ಎನ್ನುತ್ತಾರೆ. ಈಗ ನಾವು ಛಲ ಎಂದರೆ ಹಟ ಎನ್ನುತ್ತೇವೆ. ಛಲ ಇರುವ ಹೆಣ್ಣು ಎಂದು ಹೊಗಳುತ್ತೇವೆ. ಶಾಸ್ತ್ರದ ಛಲ ಬೇರೆ, ಅದು ಪದದ ಅರ್ಥವನ್ನು ತಿರುಚಿ ಗೆಲ್ಲುವುದು. ಅವರು ಕೊಡುವ ಉದಾಹರಣೆ ಕಂಬಳಿಯದು. ಈ ಹುಡುಗ ನವಕಂಬಳಿ ಹೊದ್ದಿದ್ದಾನೆ ಅಂತ ಒಬ್ಬ ಹೇಳಿದ, ಹೊಸ ಕಂಬಳಿ ಅಂತ. ಇನ್ನೊಬ್ಬ, ಒಂಬತ್ತು ಎಲ್ಲಿದೆ, ಒಂದೇ ಇದೆಯಲ್ಲ ಅಂದನಂತೆ. ನವ ಎಂದರೆ ಹೊಸದೂ ಹೌದು, ಒಂಬತ್ತೂ ಹೌದು. ನಮ್ಮಲ್ಲಿ ಕಂಬಳಿ ಇಲ್ಲ, ‘ವರೋಪಚಾರ’ ಇದೆ. ವರದಕ್ಷಿಣೆ ನಾವು ಮುಟ್ಟುವುದಿಲ್ಲ, ವರೋಪಚಾರ ಚೆನ್ನಾಗಿ ಆಗಲಿ ಅಂತಾರೆ. ಉತ್ತರದ ಕಡೆ ಹುಂಡಾ ಬೇಡ, ಹುಡುಗನಿಗೆ ಒಂದು ಗಾಡಿ ಆದರೆ ಸಾಕು ಅಂತಾರೆ. ಹೆಸರು ಬದಲಾದರೆ ವಸ್ತು ಬದಲಾಗುವುದಿಲ್ಲ ಎಂಬುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ ಚೆನ್ನಾಗಿ ಗೊತ್ತಿದೆ. ಅದು ವರದಕ್ಷಿಣೆ ಎಂಬ ಹೆಸರನ್ನು ಹುಡುಕುವುದಿಲ್ಲ. ಮದುವೆಯ ಸಂಬಂಧದಲ್ಲಿ ಕೊಟ್ಟ, ಕೊಡಲು ಒಪ್ಪಿದ ಯಾವುದೇ ಆಸ್ತಿ ಅಥವಾ ಬೆಲೆಬಾಳುವ ಪತ್ರ ಎನ್ನುತ್ತದೆ, ಮದುವೆಗೆ ಮುಂಚೆ ಆಗಲಿ, ಮದುವೆಯಲ್ಲಾಗಲಿ, ಆಮೇಲೆ ಆಗಲಿ. ಯಾರೂ ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ. ಆದರೆ ಅದರ ಪಟ್ಟಿ ಬರೆದಿಡಬೇಕು, ಹೆಣ್ಣಿನ ಕಡೆಯಿಂದ ಕೊಟ್ಟದ್ದು ವಾಡಿಕೆಯದ್ದಾಗಿರಬೇಕು, ಅವರ ಶಕ್ತಿಗೆ ಮೀರಿರಬಾರದು. ಪಟ್ಟಿ ಬರೆಯುವ ನಿಯಮ ಬಂದದ್ದು 1985ರಲ್ಲಿ. ಎಷ್ಟು ಮದುವೆಯಲ್ಲಿ ಪಟ್ಟಿ ಬರೆದದ್ದನ್ನು ನೋಡಿದ್ದೀರಿ? ಮುಯ್ಯಿ ಬರೆಯಲು ಮಾತ್ರ ಪುಸ್ತಕ ಹಿಡಿದು ಒಬ್ಬರು ಕೂತೇ ಇರುತ್ತಾರೆ.

ಈಗ ಆ ಮನೆ ಕಟ್ಟುವ ಎರಡು ಲಕ್ಷದ ಮಾತಿಗೆ ಬರೋಣ. ‘ಮನೆ ಕಟ್ಟಲು ಕೇಳಿದ್ದು, ವರದಕ್ಷಿಣೆ ಅಲ್ಲ.’ ಕೇಳಲು ಎಷ್ಟು ಚೆನ್ನಾಗಿದೆ! ಈ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿದೆ ಎಂದರೆ ನಂಬುತ್ತೀರಾ? 2007ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಮನೆಖರ್ಚಿಗೆ, ಗೊಬ್ಬರ ತರಲು ಹಣ ಕೇಳಿದ್ದು ವರದಕ್ಷಿಣೆ ಎನಿಸುವುದಿಲ್ಲ ಎಂದು ಅಲ್ಲೇ ತೀರ್ಪಾಗಿತ್ತು. ಹೊಲಕ್ಕೆ ಗೊಬ್ಬರ ಬೇಕು ಎಂಬುದು ನಿಜ, ಆದ್ದರಿಂದ ಸೊಸೆಯ ತವರಿಂದ ಹಣ ತರಿಸಿದರೆ ಅದು ವರದಕ್ಷಿಣೆ ಅಲ್ಲ ಎಂಬುದು ಹಾರಿದ ಜಾಗ. ಎಂಟು ವರ್ಷ ಬೇಕಾಯಿತು. 2015ರಲ್ಲಿ ಮೂವರು ನ್ಯಾಯಾಧೀಶರ ಪೀಠ ಆ ತೀರ್ಪು ಸರಿಯಲ್ಲ ಎಂದಿತು. 2022ರ ಜನವರಿಯಲ್ಲಿ ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ, ಮನೆ ಕಟ್ಟಲು ಸೊಸೆಯ ತವರಿಂದ ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ದೊಡ್ಡದೊಡ್ಡ ಓದು ಓದಿದವರಿಗೇ ಇದು ಕುತರ್ಕ ಎಂದು ಕಾಣಲು ಅಷ್ಟು ಕಾಲ ಹಿಡಿಯಿತು. ಆದ್ದರಿಂದ ನಿಮಗೆ ತಕ್ಷಣ ಉತ್ತರ ಹೊಳೆಯದಿದ್ದರೆ ನಾಚಿಕೆಪಡಬೇಡಿ. ಆ ಹೆಣ್ಣುಮಗಳ ದೂರನ್ನು ನಾವು ತಿರುಗಿ ಬರೆಸಿದೆವು. ಈ ಸಲ ಅದರಲ್ಲಿ ಮೊತ್ತ ಇತ್ತು, ದೀಪಾವಳಿ ಇತ್ತು, ಸೌದೆ ಇತ್ತು.

‘ನಿಮ್ಮ ಮಗಳಿಗೇ ತಾನೇ’ ಎಂಬುದನ್ನು ಒಡೆಯಲು ವಕೀಲರೇ ಬೇಕಾಗಿಲ್ಲ. ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಕೇಳಿ. ಗಾಡಿಯ ಕಾಗದ ಯಾರ ಹೆಸರಲ್ಲಿದೆ? ಅವಳ ಸರ ಅಡವು ಇಟ್ಟಾಗ ಸಹಿ ಮಾಡಿದವರು ಯಾರು? ಕಾನೂನು ಕೂಡ ಅವರ ಮಾತನ್ನೇ ಹಿಡಿದು ಕೇಳುತ್ತದೆ. ಹೆಣ್ಣಿಗೆ ಅಂತ ಇಸಕೊಂಡದ್ದನ್ನು ಬೇರೆ ಯಾರೇ ಇಟ್ಟುಕೊಂಡಿದ್ದರೂ ಮೂರು ತಿಂಗಳೊಳಗೆ ಅವಳ ಕೈಗೆ ಒಪ್ಪಿಸಬೇಕು ಎಂದು ವರದಕ್ಷಿಣೆ ಕಾಯ್ದೆಯ ಆರನೇ ಕಲಮು ಹೇಳುತ್ತದೆ. ಪ್ರತಿಭಾ ರಾಣಿ ಎಂಬವರ ಮೊಕದ್ದಮೆಯಲ್ಲಿ 1985ರಲ್ಲೇ ಸುಪ್ರೀಂ ಕೋರ್ಟು ಸ್ತ್ರೀಧನ ಪೂರ್ತಿ ಹೆಂಡತಿಯದೇ, ಗಂಡನ ಮನೆ ಸೇರಿದ ಮಾತ್ರಕ್ಕೆ ಅದು ಜಂಟಿ ಆಸ್ತಿ ಆಗುವುದಿಲ್ಲ ಎಂದಿದೆ.

ಇದರ ಅಕ್ಕನ ಹಾಗೆ ಇನ್ನೊಂದು ಕುತರ್ಕ ತವರುಮನೆಯಲ್ಲೇ ಇದೆ, ಅದನ್ನು ಹೇಳಿದರೆ ನಿಮ್ಮ ಅಣ್ಣತಮ್ಮಂದಿರಿಗೆ ಕೋಪ ಬರುತ್ತದೆ. ‘ಮದುವೆಗೆ ಅಷ್ಟು ಖರ್ಚು ಮಾಡಿದ್ದೀವಲ್ಲ, ಅದೇ ನಿನ್ನ ಪಾಲು.’ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಡುತ್ತಾರೆ. ಖರ್ಚು ಮಾಡಿದ್ದು ನಿಜ. ಆದರೆ ಪಾಲು ಎಂದರೆ ಪಡೆದವರ ಹೆಸರಿಗೆ ಬರಬೇಕು. ಬೀಗರು ಚೌಕಾಸಿ ಮಾಡಿ ತೆಗೆದುಕೊಂಡು ಹೋದದ್ದು ಮಗಳ ಪಾಲು ಹೇಗಾದೀತು? ಛತ್ರದ ಬಾಡಿಗೆ, ವಾಲಗದವರ ಸಂಭಾವನೆ ಎಲ್ಲ ಮಗಳ ಪಾಲೇ? ಅಣ್ಣನ ಮದುವೆಗೂ ಖರ್ಚಾಯಿತಲ್ಲ, ಅದನ್ನು ಯಾವ ಪಾಲಿನಲ್ಲಿ ಕಳೆದಿರಿ? ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ ಆ ಹೊತ್ತಿಗೆ ಬದುಕಿರಬೇಕು ಎಂಬ ತಕರಾರನ್ನು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅದಕ್ಕೆ ಮುಂಚೆಯೇ ಕಾಗದಪತ್ರವಾಗಿ ವಿಭಾಗ ಆಗಿಹೋಗಿದ್ದರೆ ಬೇರೆ ಮಾತು. ಯಾವುದಕ್ಕೂ ಸಹಿ ಹಾಕುವ ಮುಂಚೆ ಕಾಗದ ಓದಿಸಿಕೊಳ್ಳಿ.

‘ಇದು ನಮ್ಮ ಹಿಂದಿನವರಿಂದ ಬಂದ ಸಂಪ್ರದಾಯ’ ಎನ್ನುವವರಿಗೆ ಅವರ ಮುತ್ತಜ್ಜಿಯ ಮದುವೆ ಕೇಳಿ. ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1984ರಲ್ಲಿ ವರದಕ್ಷಿಣೆ ಬಗ್ಗೆ ಬರೆದಾಗ, ದಕ್ಷಿಣದಲ್ಲಿ ಈಗಿನ ರೂಪದ ವರದಕ್ಷಿಣೆ ಹೊಸಕಾಲದ್ದು ಎಂದು ತೋರಿಸಿಕೊಟ್ಟಿದ್ದರು. ತೆರ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಅದೂ ಹೆಣ್ಣಿಗೆ ಬೆಲೆ ಕಟ್ಟುವುದೇ. ಆದರೆ ಸಂಪ್ರದಾಯ ಎಂಬುದು ಅಷ್ಟು ಮುಖ್ಯವಾದರೆ ಇವರು ತೆರ ಕೊಡಲಿ ನೋಡೋಣ.

ಸ್ಟೌ ಸಿಡಿದು ಗೃಹಿಣಿ ಸಾವು ಎಂಬ ಸುದ್ದಿ ಒಂದು ಕಾಲಕ್ಕೆ ಪೇಪರಿನ ಮೂಲೆಯಲ್ಲಿ ಪದೇಪದೇ ಬರುತ್ತಿತ್ತು. ಬೆಂಗಳೂರಿನ ವಿಮೋಚನಾ ಮೊದಲಾದ ಸಂಘಟನೆಗಳು 1990ರ ದಶಕದಲ್ಲಿ ಅಪಘಾತ, ಆತ್ಮಹತ್ಯೆ ಎಂದು ಮುಚ್ಚಿಹೋಗುತ್ತಿದ್ದ ಇಂಥ ಸಾವುಗಳ ಹಿಂದೆ ಬಿದ್ದು, ಆಸ್ಪತ್ರೆಗೂ ಠಾಣೆಗೂ ಅಲೆದವು. ಇಲ್ಲಿ ಪದವನ್ನು ಜೋಪಾನವಾಗಿ ಬಳಸಬೇಕು. ಸೀಮೆಎಣ್ಣೆ ಸ್ಟೌ ಅಪಾಯದ್ದು, ನೈಲಾನ್ ಸೀರೆಗೆ ಬೆಂಕಿ ಬೇಗ ಹತ್ತುತ್ತದೆ, ಎರಡೂ ನಿಜ. ಒಂದು ಮನೆಯಲ್ಲಿ ಸ್ಟೌ ನಿಜಕ್ಕೂ ಸಿಡಿದಿರಬಹುದು, ಹಾಗೆ ಹೇಳಿದ್ದೇ ಕುತರ್ಕ ಆಗುವುದಿಲ್ಲ. ಸ್ಟೌ ಸಿಡಿಯುವುದುಂಟು, ಆದ್ದರಿಂದ ವಿಚಾರಿಸುವುದು ಬೇಡ ಎನ್ನುವುದು ಕುತರ್ಕ. ಆ ಸ್ಟೌ ಅತ್ತೆಯನ್ನೂ ನಾದಿನಿಯನ್ನೂ ಬಿಟ್ಟು ಮನೆಗೆ ಬಂದು ಎರಡು ವರ್ಷವಾದ ಸೊಸೆಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತದೆ ಎಂದು ಕೇಳುವುದು ತರ್ಕ. 1986ರಲ್ಲಿ ಬಂದ ವರದಕ್ಷಿಣೆ ಸಾವಿನ ಕಾನೂನು ಇದೇ ತರ್ಕದ ಮೇಲೆ ನಿಂತಿದೆ. ಮದುವೆಯಾದ ಏಳು ವರ್ಷದೊಳಗೆ ಸುಟ್ಟೋ ಗಾಯದಿಂದಲೋ ಅಸಹಜವಾಗಿ ಸತ್ತು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದರು ಎಂದು ರುಜುವಾದರೆ, ಆ ಸಾವಿಗೆ ಅವರೇ ಕಾರಣ ಎಂದು ನ್ಯಾಯಾಲಯ ಭಾವಿಸಿಕೊಳ್ಳಬೇಕು. ಅಲ್ಲ ಎಂದು ತೋರಿಸುವ ಹೊಣೆ ಅವರದು. ಆಗ 304ಬಿ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 80ನೇ ಕಲಮು. 498ಎ ಅನ್ನುತ್ತಿದ್ದದ್ದು ಈಗ 85 ಮತ್ತು 86. ಸಂಖ್ಯೆ ಬದಲಾಗಿದೆ, ಸಾವು ನಿಂತಿಲ್ಲ. ಸರ್ಕಾರದ ಅಪರಾಧ ದಾಖಲೆ ಕೇಂದ್ರದ ಲೆಕ್ಕದಲ್ಲೇ 2022ರಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಮೇಲೆ ವರದಕ್ಷಿಣೆ ಸಾವುಗಳು.

498ಎ ಎಂದ ಕೂಡಲೇ ‘ಎಲ್ಲ ಸುಳ್ಳು ಕೇಸು’ ಎಂಬ ಮಾತು ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕೆಂದರೆ ಇಲ್ಲಿ ನಾವೂ ತಪ್ಪು ಮಾಡುತ್ತೇವೆ. ಸುಳ್ಳು ದೂರು ಕೊಡುವವರು ಇಲ್ಲವೇ ಇಲ್ಲ ಅಂತ ನಾವು ಹೇಳಿದರೆ ಅದು ನಿಜವಲ್ಲ. ಯಾವ ಕಾನೂನಿನಲ್ಲೂ ಇರುತ್ತಾರೆ. ಕೆಲವು ದೂರು ಸುಳ್ಳು ಎಂದು ಹೇಳಿದವನನ್ನು ಕುತರ್ಕಿ ಎನ್ನಬಾರದು. ಕೆಲವು ಸುಳ್ಳು, ಆದ್ದರಿಂದ ಇವಳದ್ದೂ ಸುಳ್ಳು ಎಂದಾಗ ಕುತರ್ಕ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ಲೆಕ್ಕ ಉದಾಹರಿಸಿತು: 498ಎ ಮೊಕದ್ದಮೆಗಳಲ್ಲಿ ನೂರಕ್ಕೆ 93ಕ್ಕಿಂತ ಹೆಚ್ಚಿನವಕ್ಕೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗುತ್ತದೆ, ಶಿಕ್ಷೆಯಾಗುವುದು ಮಾತ್ರ ನೂರಕ್ಕೆ 15. ವಿಚಾರಿಸದೆ ಕೂಡಲೇ ಬಂಧಿಸಬಾರದು ಎಂಬ ಆ ತೀರ್ಪಿನ ಮಾತು ಬೇರೆ, ಪೊಲೀಸರ ಮನಸೋ ಇಚ್ಛೆ ಬಂಧನ ಯಾರಿಗೂ ಒಳ್ಳೆಯದಲ್ಲ. ಆದರೆ ಆ 15ನ್ನು ಹಿಡಿದು ಉಳಿದ 85 ಸುಳ್ಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಶಿಕ್ಷೆ ಆಗಲಿಲ್ಲ ಎಂದರೆ ರುಜುವಾಗಲಿಲ್ಲ ಎಂದರ್ಥ. ಯಾಕೆ ರುಜುವಾಗಲಿಲ್ಲ ಎಂದು ನಿಮ್ಮನ್ನು ಕೇಳಿದರೆ ನೀವು ಹೇಳುತ್ತೀರಿ. ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಯಾರು? ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ. ನಡುವೆ ಮಕ್ಕಳಿಗೋಸ್ಕರ ರಾಜಿ ಆಗುತ್ತದೆ. ಈ ಕೇಸನ್ನು ಹೆಂಡತಿ ತಾನಾಗಿ ವಾಪಸು ತೆಗೆಯಲು ಬರುವುದಿಲ್ಲ, ಹೈಕೋರ್ಟಿಗೆ ಹೋಗಲು ದುಡ್ಡಿಲ್ಲ. ಆದ್ದರಿಂದ ಅವಳೇ ಕಟಕಟೆಯಲ್ಲಿ ನಿಂತು ಏನೂ ನಡೆದಿಲ್ಲ ಎಂದು ಬರುತ್ತಾಳೆ. ಅಲ್ಲಿಗೆ ಖುಲಾಸೆ. ಅದೂ ಲೆಕ್ಕದಲ್ಲಿ ಸೇರುತ್ತದೆ.

ಇನ್ನೊಂದನ್ನು ಮರೆಯುವ ಮುಂಚೆ ಹೇಳಬೇಕು. ‘ವರದಕ್ಷಿಣೆ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ದೂರು ಕೊಟ್ಟರೆ ನಿಮ್ಮಪ್ಪನೂ ಜೈಲಿಗೆ ಹೋಗುತ್ತಾನೆ.’ ಈ ಒಂದು ಮಾತು ಎಷ್ಟು ತಂದೆತಾಯಿಗಳ ಬಾಯಿ ಮುಚ್ಚಿಸಿದೆಯೋ. ಮೊದಲ ಅರ್ಧ ನಿಜ. ಕಾಯ್ದೆಯಲ್ಲಿ ಕೊಡುವುದೂ ಅಪರಾಧವೇ. ಎರಡನೇ ಅರ್ಧ ತಪ್ಪು. ಅದೇ ಕಾಯ್ದೆಯ ಏಳನೇ ಕಲಮಿನ ಮೂರನೇ ಉಪಕಲಮಿನಲ್ಲಿ, ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಈ ಕಾಯ್ದೆಯಡಿ ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು ಸೇರಿಸಿದ್ದಾರೆ. ಈ ಕಲಮಿನ ಸಂಖ್ಯೆಯನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅದರ ಕೆಳಗೆ ಮಹಿಳಾ ಸಹಾಯವಾಣಿ 181 ಅಂತಲೂ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ ಅಂತಲೂ ಬರೆಯಿರಿ.

ಪಂಚಾಯ್ತಿಕಟ್ಟೆಯಲ್ಲಿ ಗಾದೆಗಳೇ ಕುತರ್ಕದ ಕೆಲಸ ಮಾಡುತ್ತವೆ. ಒಂದು ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ ಅಂತ ಕೇಳುತ್ತಾರೆ. ಕೇಳಿದವರೆಲ್ಲ ತಲೆದೂಗುತ್ತಾರೆ. ಕೋಲಾರದ ಕಡೆ ಒಬ್ಬ ಅಜ್ಜಿ ಎದ್ದು ಹೇಳಿದ್ದನ್ನು ನಾನು ಮರೆಯುವುದಿಲ್ಲ: ‘ಚಪ್ಪಾಳೆಗೆ ಎರಡು ಕೈ ಬೇಕು ಕಣಪ್ಪ, ಕಪಾಳಕ್ಕೆ ಒಂದೇ ಸಾಕು.’ ಆ ದಿನದ ಪಂಚಾಯ್ತಿ ಅಲ್ಲೇ ತಿರುಗಿಕೊಂಡಿತು.

ಇಷ್ಟು ಹೊತ್ತು ಅವರ ಕುತರ್ಕ ಆಯಿತು. ನಮ್ಮದು? ‘ನಮ್ಮದು ಉಳಿತಾಯದ ಸಂಘ, ಸಂಸಾರದ ವಿಷಯಕ್ಕೆ ತಲೆಹಾಕುವುದಿಲ್ಲ’ ಅಂತ ನಾವೇ ಎಷ್ಟು ಸಲ ಹೇಳಿಲ್ಲ! ಅವಳ ಗಂಡ ಅವಳ ಹೆಸರಲ್ಲಿ ತೆಗೆದ ಸಾಲದ ಕಂತು ತಪ್ಪಿದಾಗ ಮಾತ್ರ ಅದೇ ಸಂಘದವರು ಹತ್ತು ಜನ ಅವಳ ಮನೆ ಬಾಗಿಲಲ್ಲಿ ಕೂರುತ್ತೇವೆ. ಕಂತಿಗೆ ಸಂಸಾರದೊಳಗೆ ಹೋಗಬಹುದು, ಏಟಿಗೆ ಹೋಗಬಾರದು. ಇದಕ್ಕೆ ಏನೆನ್ನುತ್ತೀರಿ, ನೀವೇ ಪದ ಹಾಕಿ.

ಕೊನೆಯದಾಗಿ, ಈ ಸಭೆಗೆ ಬರುವ ದಾರಿಯಲ್ಲಿ ನಿಮ್ಮಲ್ಲೇ ಒಂದು ಸಂಘದವರು ನನ್ನ ಮುಂದೆ ಇಟ್ಟ ಪ್ರಶ್ನೆ. ಒಬ್ಬ ಸದಸ್ಯೆ ಮಗಳ ಮದುವೆಗೆ ಎಂಬತ್ತು ಸಾವಿರ ಸಾಲ ಕೇಳಿದ್ದಾಳೆ. ಅರ್ಜಿಯಲ್ಲಿ ‘ಮದುವೆ ಖರ್ಚು’ ಎಂದಿದೆ. ಅದರಲ್ಲಿ ಅರವತ್ತು ಸಾವಿರ ಗಂಡಿನವರಿಗೆ ಎಂದು ಎಲ್ಲರಿಗೂ ಗೊತ್ತು. ಅವಳು ಹೇಳುತ್ತಾಳೆ: ‘ನೀವು ಕೊಡದಿದ್ದರೆ ನಾನು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ತರುತ್ತೇನೆ, ಮದುವೆ ನಿಲ್ಲುವುದಿಲ್ಲ. ಹಾಗಾಗಿ ಸಂಘ ಕೊಟ್ಟರೆ ನನಗೆ ಉಪಕಾರ.’ ಸಂಘದಲ್ಲಿ ಒಬ್ಬಳು ಎದ್ದು ಇದು ಕುತರ್ಕ ಎಂದಳಂತೆ. ಆ ತಾಯಿ ಅತ್ತುಕೊಂಡು ಹೋದಳಂತೆ.

ನಾನು ಹೇಳುತ್ತೇನೆ, ಅದು ಕುತರ್ಕವಲ್ಲ. ಅವಳು ಹೇಳಿದ ಕಾರಣ ನಿಜ. ಬಡ್ಡಿಯವನು ಇದ್ದಾನೆ, ಕೊಡುತ್ತಾನೆ, ಅವಳು ಮುಳುಗುತ್ತಾಳೆ. ಸಂಘ ಕೊಟ್ಟರೆ ಬಡ್ಡಿ ಕಡಿಮೆ ಎಂಬ ತೀರ್ಮಾನವೂ ಅದರಿಂದ ಸರಿಯಾಗಿಯೇ ಬರುತ್ತದೆ. ಎಲ್ಲೂ ಹಾರಿಲ್ಲ. ಅವಳದ್ದು ಇಕ್ಕಟ್ಟು. ಇಕ್ಕಟ್ಟಿನಲ್ಲಿರುವವಳಿಗೆ ಕುತರ್ಕಿ ಎಂದರೆ ಆ ಪದವನ್ನೂ ಕೆಡಿಸಿದ ಹಾಗೆ, ಅವಳನ್ನೂ ಕೆಡಿಸಿದ ಹಾಗೆ. ಆದರೆ ಅಷ್ಟರಿಂದ ಸಾಲ ಕೊಡಬೇಕು ಎಂದೂ ಆಗುವುದಿಲ್ಲ. ಅವಳ ಮಾತು ಬಡ್ಡಿಯದ್ದು. ನಿಮ್ಮ ಮುಂದಿರುವ ಪ್ರಶ್ನೆ ಹತ್ತು ಹೆಂಗಸರು ವಾರವಾರ ಕಟ್ಟಿದ ದುಡ್ಡು ಯಾರ ಕೈಗೆ ಹೋಗುತ್ತದೆ ಎಂಬುದು. ಕೊಟ್ಟು ಆ ಹುಡುಗಿಯ ಹೆಸರಿನಲ್ಲಿ ಖಾತೆ ತೆರೆದು ಅದಕ್ಕೆ ಹಾಕುವುದೋ, ಪಟ್ಟಿ ಬರೆಸಿದರೆ ಮಾತ್ರ ಎನ್ನುವುದೋ, ಸಂಘದವರೇ ಹೋಗಿ ಗಂಡಿನವರ ಜೊತೆ ಮಾತಾಡುವುದೋ, ಇಲ್ಲ ಖಂಡಿತ ಕೊಡುವುದಿಲ್ಲ ಎನ್ನುವುದೋ. ನನ್ನ ಮಟ್ಟಿಗೆ, ಗಂಡಿನವರ ಕೈಗೆ ಹೋಗುವ ಅರವತ್ತು ಸಾವಿರಕ್ಕೆ ನಾನು ಒಪ್ಪುವುದಿಲ್ಲ, ಊಟ ಬಟ್ಟೆಯ ಇಪ್ಪತ್ತು ಸಾವಿರಕ್ಕೆ ಒಪ್ಪುತ್ತೇನೆ. ಆದರೆ ನನಗೆ ಬಡ್ಡಿ ಕಟ್ಟುವ ಕಷ್ಟ ಇಲ್ಲ. ನಾನು ಸಾಯಂಕಾಲದ ಬಸ್ಸಿಗೆ ಹೋಗುವವಳು. ಅದನ್ನೂ ತೂಗಿ ನೋಡಿ.

ಆ ಅರ್ಜಿ ಇವತ್ತು ಮಧ್ಯಾಹ್ನ ಮತ್ತೆ ಸಂಘದ ಮುಂದೆ ಬರುತ್ತದಂತೆ. ಅವಳನ್ನೂ ಕರೆಸಿ. ಅವಳ ಮಗಳನ್ನೂ ಕರೆಸಿ, ಅವಳಿಗೆ ಹದಿನೆಂಟು ತುಂಬಿದೆಯೇ ಕೇಳಿ, ಅವಳಿಗೆ ಈ ಮದುವೆ ಬೇಕೇ ಅಂತಲೂ ಕೇಳಿ. ಇಷ್ಟು ಮಾತಿನ ನಡುವೆ ಅದನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.